ಹೆರಿಗೆ ಮುಗಿದ ಮೇಲಿನ ಲೆಕ್ಕ

ಅಹಮದಾಬಾದಿನ ತಲೆಹೊರೆ ಕೂಲಿಗಳು, ಬೀಡಿ ಕಟ್ಟುವವರು, ತರಕಾರಿ ಮಾರುವವರು, ಚಿಂದಿ ಆಯುವವರು ಸೇರಿ ಕಟ್ಟಿಕೊಂಡ ಹೆಂಗಸರ ಸಂಘ ‘ಸೇವಾ’. ಇಳಾ ಭಟ್ಟರ ಮುಂದಾಳುತನದಲ್ಲಿ 1972ರಲ್ಲಿ ಹುಟ್ಟಿದ ಈ ಸಂಘ, 1992ರಲ್ಲಿ ತನ್ನ ಸದಸ್ಯೆಯರಿಗಾಗಿ ವಿಮೆಯನ್ನೂ ಶುರುಮಾಡಿತು. ವರ್ಷಕ್ಕಿಷ್ಟು ಎಂದು ಕಂತು ಕಟ್ಟಿದವರು ಆಸ್ಪತ್ರೆ ಸೇರಿದರೆ ಖರ್ಚಿನ ಒಂದು ಪಾಲು ಕೈಗೆ ಬರುತ್ತಿತ್ತು. ಯಾವ ಯಾವ ಕಾಯಿಲೆಗೆ ಹೆಚ್ಚು ಹಣ ಹೋಗುತ್ತಿದೆ ಎಂದು ಕಡತ ತಿರುವಿ ನೋಡಿದವರಿಗೆ ಮೊದಲು ಕಂಡದ್ದು ಜ್ವರ ಮತ್ತು ವಾಂತಿಭೇದಿ. ಅದರಲ್ಲಿ ಆಶ್ಚರ್ಯವೇನಿಲ್ಲ, ಬಡವರ ಬೀದಿಯ ನೀರು ಹೇಗಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅವುಗಳ ಪಕ್ಕದಲ್ಲೇ ನಿಂತಿದ್ದ ಇನ್ನೊಂದು ಕಾರಣ ಮಾತ್ರ ಯೋಚನೆಗೆ ಹಚ್ಚಿತು. ಅದು ಗರ್ಭಕೋಶ ತೆಗೆಸುವ ಆಪರೇಷನ್ನು.

ವಿಮೆ ಇದೆಯೆಂದು ಡಾಕ್ಟರು ಕತ್ತರಿ ಹಿಡಿದರೋ, ಇಲ್ಲದಿದ್ದರೂ ಹೀಗೆಯೇ ಆಗುತ್ತಿತ್ತೋ? ಇದನ್ನು ತಿಳಿಯಲು ಸಪ್ನಾ ದೇಸಾಯಿ, ತಾರಾ ಸಿನ್ಹಾ, ಅಜಯ್ ಮಹಲ್ ಎಂಬ ಸಂಶೋಧಕರು ಗುಜರಾತಿನ ಬಡ ಮನೆಗಳಲ್ಲಿ ಸಮೀಕ್ಷೆ ನಡೆಸಿದರು. ವಿಮೆ ಇದ್ದವರನ್ನೂ ಇಲ್ಲದವರನ್ನೂ, ಹಳ್ಳಿಯವರನ್ನೂ ನಗರದವರನ್ನೂ ಕೇಳಿದರು. 2011ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಹಳ್ಳಿಗಳಲ್ಲಿ ನೂರಕ್ಕೆ 7ರಿಂದ 8 ಮಂದಿ, ನಗರದಲ್ಲಿ ನೂರಕ್ಕೆ 5 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಆಪರೇಷನ್ ಆದಾಗ ಅವರ ಸರಾಸರಿ ವಯಸ್ಸು 37. ಮುಟ್ಟು ನಿಲ್ಲಲು ಇನ್ನೂ ಹತ್ತು ವರ್ಷ ಇರುವಾಗಲೇ ಗರ್ಭಕೋಶ ಇಲ್ಲವಾಗಿತ್ತು.

ಇಷ್ಟೂ ಆಪರೇಷನ್ನುಗಳು ಒಂದೇ ಕಾಯಿಲೆಗೆ ಆದವಲ್ಲ. ಅತಿಯಾದ ಮುಟ್ಟಿನ ಸ್ರಾವವೇ ದೊಡ್ಡ ಕಾರಣ ಎಂದು 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಹೇಳುತ್ತದೆ. ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 3.2 ಮಂದಿಗೆ ಈ ಆಪರೇಷನ್ ಆಗಿದೆ, ಅವುಗಳಲ್ಲಿ ಮೂರನೇ ಎರಡು ಪಾಲು ಖಾಸಗಿ ಆಸ್ಪತ್ರೆಗಳಲ್ಲಿ ಆಗಿವೆ ಎಂದೂ ಅದು ಲೆಕ್ಕ ಕೊಟ್ಟಿದೆ. ಆದರೆ ಸ್ರಾವ, ಬಿಳಿಸೆರಗು, ಸೊಂಟನೋವು, ಕೆಳಗೆ ಏನೋ ಜಾರಿದಂತಾಗುವುದು, ಕೆಮ್ಮಿದರೆ ಉಚ್ಚೆ ಸೋರುವುದು, ಇವೆಲ್ಲ ಒಬ್ಬಳದೇ ಮೈಯಲ್ಲಿ ಒಟ್ಟಿಗೆ ಇರಬಹುದು. ಕೊನೆಗೆ ಎಲ್ಲಕ್ಕೂ ಒಂದೇ ಔಷಧ ಎಂಬಂತೆ ಗರ್ಭಕೋಶವನ್ನು ತೆಗೆದುಬಿಡುತ್ತಾರೆ. ಈ ಪಟ್ಟಿಯ ಕೊನೆಯ ಎರಡು ತೊಂದರೆಗಳು, ಅಂದರೆ ಜಾರುವುದು ಮತ್ತು ಸೋರುವುದು, ಬಹುಮಟ್ಟಿಗೆ ಹೆರಿಗೆಯ ಗಾಯಗಳು. ಅವುಗಳ ಬಗ್ಗೆ ಕಳೆದ ಮೂವತ್ತು ನಲವತ್ತು ವರ್ಷಗಳಲ್ಲಿ ನಡೆದಿರುವ ಸಂಶೋಧನೆ ಅಪಾರ. ಅದರಲ್ಲಿ ನಮ್ಮ ಬೀದಿಗಳಿಗೆ ಇಳಿದು ಬಂದದ್ದು ಮಾತ್ರ ಅತ್ಯಲ್ಪ.

ಅಂಥ ಬೀದಿಯೊಂದನ್ನು ನೋಡಲು ಅಹಮದಾಬಾದಿನಿಂದ ರೈಲು ಹತ್ತಿ ವಡೋದರಾ ದಾಟಿ ದಕ್ಷಿಣಕ್ಕೆ ಬಂದರೆ ಸೂರತ್. ಊರಿನ ದಕ್ಷಿಣದ ಅಂಚಿನಲ್ಲಿ, ಉಧನಾದ ಆಚೆ, ಪಾಂಡೇಸರಾ ಎಂಬ ಕೈಗಾರಿಕಾ ಬಡಾವಣೆ. ಬಟ್ಟೆಗೆ ಬಣ್ಣ ಹಾಕುವ, ಅಚ್ಚು ಒತ್ತುವ ಮಿಲ್ಲುಗಳ ಚಿಮಣಿಗಳು ಅಲ್ಲಿ ಸಾಲಾಗಿ ನಿಂತಿವೆ. ಒಡಿಶಾದ ಗಂಜಾಂ, ಬಿಹಾರ, ಉತ್ತರ ಪ್ರದೇಶ, ಮಹಾರಾಷ್ಟ್ರದ ಖಾನ್‌ದೇಶ ಎಂದು ಎಲ್ಲೆಲ್ಲಿಂದಲೋ ಬಂದ ಕುಟುಂಬಗಳು ಸುತ್ತಲಿನ ಒಂದೊಂದು ಕೋಣೆಯ ಮನೆಗಳಲ್ಲಿ ಬದುಕುತ್ತವೆ. ಗಂಡಸರು ಮಿಲ್ಲಿಗೋ ಮಗ್ಗಕ್ಕೋ ಹೋದ ಮೇಲೆ ಹೆಂಗಸರ ಕೆಲಸ ಮನೆಯಲ್ಲೇ ಶುರು. ಸೀರೆಯ ಗಂಟು ಬಂದು ಬೀಳುತ್ತದೆ. ಕಸೂತಿಯ ಹಿಂಬದಿಯಲ್ಲಿ ಜೋತಾಡುವ ದಾರ ಕತ್ತರಿಸುವುದು, ಹರಳು ಅಂಟಿಸುವುದು, ಅಂಚಿಗೆ ಲೇಸು ಹೊಲಿಯುವುದು. ಕೂಲಿ ಸೀರೆಗಿಷ್ಟು. ಕೆಲಸ ಮುಗಿದ ಗಂಟನ್ನು ಮತ್ತೆ ತಲೆಯ ಮೇಲೋ ಸೊಂಟದ ಮೇಲೋ ಹೊತ್ತು ಕೊಟ್ಟುಬರಬೇಕು. ನಡುವೆ ನೀರಿನ ಕೊಡ. ಇಂಥ ಮನೆಯಲ್ಲಿ ಹೆರಿಗೆಯಾದ ಹೆಣ್ಣಿಗೆ ತವರು ನೂರಾರು ಕಿಲೋಮೀಟರ್ ದೂರ. ಬಾಣಂತನ ಅಂದರೆ ನೆರೆಮನೆಯವಳು ನಾಲ್ಕು ದಿನ ಮಾಡಿಕೊಟ್ಟ ಅಡಿಗೆ, ಅಷ್ಟೆ. ಸೀರೆಗಿಷ್ಟು ಎಂಬ ಕೂಲಿಗೆ ರಜೆ ಎಂಬುದಿಲ್ಲ.

ನಮ್ಮ ಕಡೆಯ ಬಾಣಂತನವೂ ಎಲ್ಲದರಲ್ಲೂ ಸರಿ ಎಂದು ಹೇಳಲಾಗುವುದಿಲ್ಲ. ಎಣ್ಣೆನೀರು, ಬೆಳ್ಳುಳ್ಳಿ, ಕೊಬ್ಬರಿ, ಬಿಸಿ ಅನ್ನ, ನೆಲಕ್ಕೆ ಕಾಲಿಡಬೇಡ ಎಂಬ ಅಜ್ಜಿಯ ಗದರಿಕೆ, ಇದರಿಂದ ಸಿಗುವ ವಿಶ್ರಾಂತಿ ನಿಜವಾದ ಲಾಭ. ಹೊಟ್ಟೆಗೆ ಬಿಗಿದ ಬಟ್ಟೆಯಿಂದ ಮಾತ್ರ ಕೆಳಗಿನ ಸ್ನಾಯುವಿನ ಕೆಲಸ ಆಗುವುದಿಲ್ಲ. ಅದು ಬೇರೆಯೇ ಸಂಗತಿ.

ಕಿಬ್ಬೊಟ್ಟೆಯ ತಳದಲ್ಲಿ, ಮುಂದಿನ ಮೂಳೆಯಿಂದ ಹಿಂದಿನ ಬಾಲದ ಮೂಳೆಯವರೆಗೆ ಹರಡಿಕೊಂಡ ಸ್ನಾಯುಗಳ ಒಂದು ಹಾಸು ಇದೆ. ಡಾಕ್ಟರು ಪೆಲ್ವಿಕ್ ಫ್ಲೋರ್ ಎನ್ನುವುದು ಇದಕ್ಕೇ. ಅದರ ಮುಖ್ಯ ಸ್ನಾಯು ಲಿವೇಟರ್ ಏನೈ. ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರಕ್ಕೂ ಕೆಳಗಿನಿಂದ ಆಸರೆ ಕೊಡುವುದು ಇದೇ. ಮೇಲಿನಿಂದ ಹಗ್ಗದಂಥ ಕಟ್ಟುಗಳು ಹಿಡಿದಿರುತ್ತವೆ. ಹಳೇ ಮನೆಗಳ ಅಡಿಗೆಕೋಣೆಯಲ್ಲಿ ಹಾಲಿನ ಗಡಿಗೆ ನೆಲುವಿನಲ್ಲಿ ತೂಗುತ್ತಿತ್ತಲ್ಲ, ಆ ಗಡಿಗೆಯ ಕೆಳಗೆ ಒಂದು ಹಲಗೆಯೂ ಇದೆ ಎಂದುಕೊಳ್ಳಿ. ಹಲಗೆ ಗಟ್ಟಿಯಾಗಿರುವ ತನಕ ನೆಲುವಿನ ಹಗ್ಗಕ್ಕೆ ಭಾರವಿಲ್ಲ. ಹಲಗೆ ಕುಸಿದರೆ ಇಡೀ ಭಾರ ಹಗ್ಗದ ಮೇಲೆ ಬಿದ್ದು, ವರ್ಷಗಳು ಕಳೆದಂತೆ ಹಗ್ಗ ಸಡಿಲಾಗಿ ಗಡಿಗೆ ಇಳಿಯುತ್ತದೆ. ಮಿಶಿಗನ್ ವಿಶ್ವವಿದ್ಯಾಲಯದ ಜಾನ್ ಡಿಲ್ಯಾನ್ಸಿ ಎಂಬ ವೈದ್ಯ ಶವಗಳನ್ನು ಕೊಯ್ದು ನೋಡಿ ಈ ಆಸರೆಯ ಹಂತಗಳನ್ನು ಬಿಡಿಸಿಟ್ಟರು. 1992ರಲ್ಲಿ ಬಂದ ಅವರ ವಿವರಣೆಯನ್ನೇ ಇಂದಿಗೂ ವೈದ್ಯವಿದ್ಯಾರ್ಥಿಗಳು ಓದುತ್ತಾರೆ.

ಹೆರಿಗೆಯಲ್ಲಿ ಈ ಸ್ನಾಯುಗಳಿಗೆ ಏನಾಗುತ್ತದೆ ಎಂಬುದನ್ನು ಅದೇ ಮಿಶಿಗನ್ ತಂಡ 2004ರಲ್ಲಿ ಕಂಪ್ಯೂಟರ್ ಮಾದರಿಯಲ್ಲಿ ಲೆಕ್ಕ ಹಾಕಿತು. ಮಗುವಿನ ತಲೆ ಹೊರಬರುವ ಹೊತ್ತಿಗೆ ಲಿವೇಟರ್ ಸ್ನಾಯುವಿನ ಒಳ ಅಂಚು ತನ್ನ ಮೂಲ ಉದ್ದದ ಮೂರು ಪಟ್ಟಿಗೂ ಮೀರಿ, ಸರಿಯಾಗಿ ಹೇಳಬೇಕೆಂದರೆ 3.26 ಪಟ್ಟು ಹಿಗ್ಗಬೇಕಾಗುತ್ತದೆ. ಕೈಯ ಸ್ನಾಯುವನ್ನೋ ಕಾಲಿನ ಸ್ನಾಯುವನ್ನೋ ಹೀಗೆ ಎಳೆದರೆ ಹರಿದೇ ಹೋಗುತ್ತದೆ. ಬಸುರಿನಲ್ಲಿ ಮೈ ತಾನೇ ಮೆತ್ತಗಾಗುವುದರಿಂದ ಹೆಚ್ಚಿನವರ ಸ್ನಾಯು ಉಳಿಯುತ್ತದೆ. ಎಲ್ಲರದೂ ಉಳಿಯುವುದಿಲ್ಲ. ಸಿಡ್ನಿಯ ಹಾನ್ಸ್ ಪೀಟರ್ ಡೀಟ್ಸ್ 2005ರಲ್ಲಿ ಮೂರು ಆಯಾಮದ ಸ್ಕ್ಯಾನಿಂಗ್ ಬಳಸಿ, ಮೊದಲ ಹೆರಿಗೆ ಸಹಜವಾಗಿ ಆದವರಲ್ಲಿ ಮೂರನೇ ಒಂದು ಪಾಲಿಗೂ ಮಿಕ್ಕಿದವರ ಸ್ನಾಯು ಮೂಳೆಯಿಂದ ಕಿತ್ತುಬಂದಿರುವುದನ್ನು ಕಂಡರು. ಅದಕ್ಕೂ ಹಿಂದೆ, 1993ರಲ್ಲಿ, ಲಂಡನ್ನಿನ ಸುಲ್ತಾನ್ ಮತ್ತು ಸಂಗಡಿಗರು ಗುದದ್ವಾರದ ಬಿಗಿಸ್ನಾಯುವನ್ನು ಸ್ಕ್ಯಾನ್ ಮಾಡಿ ನೋಡಿದ್ದರು. ಮೊದಲ ಹೆರಿಗೆಯಾದವರಲ್ಲಿ ನೂರಕ್ಕೆ 35 ಮಂದಿಗೆ ಅಲ್ಲಿ ಗಾಯವಿತ್ತು. ಹೆರಿಗೆ ಮಾಡಿಸಿದವರ ಕಣ್ಣಿಗೆ ಅವುಗಳಲ್ಲಿ ಹೆಚ್ಚಿನವು ಬಿದ್ದೇ ಇರಲಿಲ್ಲ. ಹೊರಗಿನ ಹೊಲಿಗೆ ಒಣಗಿತೆಂದು ಮನೆಗೆ ಕಳಿಸುತ್ತಾರೆ, ಒಳಗೆ ಹರಿದದ್ದು ಹಾಗೆಯೇ ಉಳಿಯುತ್ತದೆ.

ಇದರ ಫಲ ಕೆಲವರಿಗೆ ಮರುದಿನವೇ ಗೊತ್ತಾಗುತ್ತದೆ, ಹಲವರಿಗೆ ಇಪ್ಪತ್ತು ವರ್ಷ ಬಿಟ್ಟು. ಸೀನಿದಾಗ, ನಕ್ಕಾಗ, ಕೊಡ ಎತ್ತಿದಾಗ ಸೀರೆ ಒದ್ದೆ. ಸಂಜೆಯಾದರೆ ಕೆಳಗೆ ಭಾರ, ಉಂಡೆಯಂಥದ್ದು ಕೈಗೆ ಸಿಗುವುದು. ಒಂದಕ್ಕೆ ಕೂತರೆ ಪೂರ್ತಿ ಹೋಗದಿರುವುದು. ಗಾಳಿಯನ್ನೂ ತಡೆಯಲಾಗದ ನಾಚಿಕೆ. ಬಸ್ಸು ಹತ್ತಲು ಹಿಂಜರಿಕೆ, ದೇವಸ್ಥಾನಕ್ಕೆ ಹೋಗಲು ಹಿಂಜರಿಕೆ, ಗಂಡನ ಮಗ್ಗುಲಿಗೆ ಹೋಗಲು ಭಯ. ಸೋರೀತೆಂದು ನೀರು ಕುಡಿಯುವುದನ್ನೇ ಬಿಟ್ಟವರಿಗೆ ಉರಿಮೂತ್ರ ಬೇರೆ. ಅತ್ತಿಗೆ ನಾದಿನಿಯರ ಹತ್ತಿರವೂ ಬಾಯಿ ಬಿಡದೆ, ವಯಸ್ಸಾದರೆ ಎಲ್ಲರಿಗೂ ಹೀಗೆಯೇ ಎಂದುಕೊಂಡು ದಿನ ದೂಡುವವರೇ ಹೆಚ್ಚು.

ಬಾಯಿ ಬಿಡದ್ದು ಯಾಕೆಂದರೆ ಕೇಳಿದವರೂ ಇರಲಿಲ್ಲ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾಕ್ಟರ್ ರಾಣಿ ಬಂಗ್ ಮತ್ತು ಅವರ ಪತಿ ಅಭಯ್ ಬಂಗ್ ಎರಡು ಹಳ್ಳಿಗಳ 650 ಹೆಂಗಸರನ್ನು, ತೊಂದರೆ ಇದೆ ಎಂದವರನ್ನೂ ಇಲ್ಲ ಎಂದವರನ್ನೂ, ಕರೆದು ಪರೀಕ್ಷಿಸಿದರು. 1989ರ ಜನವರಿಯಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಅದನ್ನು ಅಚ್ಚುಮಾಡಿತು. ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ತೊಂದರೆ ಇದೆಯೆಂದು ತಾವಾಗಿ ಹೇಳಿದವರು ನೂರಕ್ಕೆ 55. ಅದಕ್ಕೂ ಮೊದಲು ಎಂದಾದರೂ ಇಂಥ ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ 8 ಮಾತ್ರ. ಹಳ್ಳಿಯ ಹೆಣ್ಣಿನ ಆರೋಗ್ಯವೆಂದರೆ ಬಸುರು ಮತ್ತು ಕುಟುಂಬ ಯೋಜನೆ ಎರಡೇ ಎಂದು ತಿಳಿದಿದ್ದ ಸರ್ಕಾರಿ ಕಚೇರಿಗಳಿಗೂ ವಿಶ್ವಸಂಸ್ಥೆಯ ಮೇಜುಗಳಿಗೂ ಆ ಎರಡು ಪುಟ್ಟ ಹಳ್ಳಿಗಳ ಅಂಕಿ ಬಿಸಿ ಮುಟ್ಟಿಸಿತು. ಕೆಲವೇ ವರ್ಷಗಳಲ್ಲಿ ಕರ್ನಾಟಕದಲ್ಲೂ ಇಂಥದೇ ಕೆಲಸ ನಡೆಯಿತು. ಬೆಂಗಳೂರಿನ ಐಐಎಂನಲ್ಲಿದ್ದ ಜಗದೀಶ್ ಭಾಟಿಯಾ ಮತ್ತು ಲಂಡನ್ನಿನ ಜಾನ್ ಕ್ಲೆಲೆಂಡ್ ಸಣ್ಣ ಮಕ್ಕಳ ತಾಯಂದಿರು 3,600 ಮಂದಿಯನ್ನು ಮನೆಮನೆಗೆ ಹೋಗಿ ಕೇಳಿಸಿದರು. 1995ರ ಅವರ ವರದಿಯಲ್ಲಿ ಸುಮಾರು ಮೂರರಲ್ಲಿ ಒಬ್ಬಾಕೆ ಆ ಹೊತ್ತಿಗೂ ಒಂದಾದರೂ ತೊಂದರೆ ಅನುಭವಿಸುತ್ತಿದ್ದಳು. ಇವರು ಇನ್ನೂ ಎಳೆಯ ವಯಸ್ಸಿನವರು ಎಂಬುದನ್ನು ಮರೆಯಬಾರದು.

ಇದು ಬಡದೇಶದ ಕಾಯಿಲೆ ಎಂದುಕೊಳ್ಳಲೂ ಬರುವಂತಿಲ್ಲ. ಅಮೆರಿಕದಲ್ಲಿ 2008ರ ಒಂದು ಅಧ್ಯಯನ ವಯಸ್ಕ ಹೆಂಗಸರಲ್ಲಿ ನೂರಕ್ಕೆ 23.7 ಮಂದಿಗೆ ಮೂತ್ರ ಸೋರಿಕೆ, ಮಲ ಸೋರಿಕೆ, ಅಂಗ ಜಾರುವಿಕೆ ಇವುಗಳಲ್ಲಿ ಒಂದಾದರೂ ಇದೆ ಎಂದಿತು. ನಾರ್ವೆಯಲ್ಲಿ 15,000ಕ್ಕೂ ಹೆಚ್ಚು ಮಂದಿಯನ್ನು ಹೋಲಿಸಿ 2003ರಲ್ಲಿ ಪ್ರಕಟಿಸಿದ ಲೆಕ್ಕ ಇನ್ನೂ ಸೂಕ್ಷ್ಮವಾದದ್ದು. ಮೂತ್ರ ಸೋರಿಕೆ ಹೆರದೇ ಇದ್ದವರಲ್ಲಿ ನೂರಕ್ಕೆ 10.1, ಸಿಸೇರಿಯನ್ ಆದವರಲ್ಲಿ 15.9, ಸಹಜ ಹೆರಿಗೆಯಾದವರಲ್ಲಿ 21. ಹಾಗಾದರೆ ಎಲ್ಲರಿಗೂ ಸಿಸೇರಿಯನ್ ಮಾಡಿಬಿಟ್ಟರಾಯಿತಲ್ಲ ಎಂದು ಅವಸರದವರು ಹೇಳಬಹುದು. ಅದೇ ಅಂಕಿಯನ್ನು ಇನ್ನೊಮ್ಮೆ ನೋಡಬೇಕು. ಹೊಟ್ಟೆ ಕೊಯ್ದು ಹೆತ್ತವರಲ್ಲೂ ಆರರಲ್ಲಿ ಒಬ್ಬಾಕೆಗೆ ಸೋರಿಕೆ ಇದೆ. ಒಂಬತ್ತು ತಿಂಗಳ ಭಾರವೂ ತನ್ನ ಪಾಲು ಕೇಳುತ್ತದೆ. ಕರ್ನಾಟಕದಲ್ಲಿ 2019–21ರ ಹೊತ್ತಿಗೇ ನೂರು ಹೆರಿಗೆಗಳಲ್ಲಿ 31.5 ಸಿಸೇರಿಯನ್, ಗುಜರಾತಿನಲ್ಲಿ 21. ಇನ್ನೂ ಹೆಚ್ಚಿಸಲು ಇದೊಂದು ನೆಪವಾಗುವುದು ಬೇಡ.

ಹೆರಿಗೆ ಕೋಣೆಯೊಳಗೇ ತಪ್ಪಿಸಬಹುದಾದದ್ದು ಬೇಕಾದಷ್ಟಿದೆ. ಗರ್ಭಕೋಶದ ಬಾಯಿ ತೆರೆದುಕೊಳ್ಳುವ ಮುಂಚೆಯೇ ‘ಮುಕ್ಕು, ಮುಕ್ಕು’ ಎಂದು ಕೂಗುವುದು, ಹೊಟ್ಟೆಯ ಮೇಲೆ ಮೊಣಕೈ ಊರಿ ಒತ್ತುವುದು, ಬೇಕಿರಲಿ ಬೇಡವಿರಲಿ ಕತ್ತರಿಸಿ ಹೊಲಿಗೆ ಹಾಕುವುದು, ಇವು ನಮ್ಮ ಎಷ್ಟೋ ಆಸ್ಪತ್ರೆಗಳಲ್ಲಿ ರೂಢಿಯಾಗಿಹೋಗಿವೆ. ಹೊಟ್ಟೆ ಒತ್ತುವುದನ್ನು ಮಾಡಬಾರದು, ಎಲ್ಲರಿಗೂ ವಾಡಿಕೆಯಂತೆ ಕತ್ತರಿ ಹಾಕಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ಶಿಫಾರಸುಗಳಲ್ಲಿ ಸ್ಪಷ್ಟವಾಗಿ ಬರೆದಿದೆ. ಹೆತ್ತ ಮೇಲಿನ ದುಡಿಮೆಯೂ ಸೇರಿಕೊಳ್ಳುತ್ತದೆ. ಡೆನ್ಮಾರ್ಕಿನಲ್ಲಿ ರೋಗಿಗಳನ್ನು ಎತ್ತಿ ಇಳಿಸುವ ಸಹಾಯಕ ದಾದಿಯರು 28,000ಕ್ಕೂ ಮಿಕ್ಕಿದವರ ದಾಖಲೆ ತೆಗೆದು ನೋಡಿದಾಗ, ಜಾರಿದ ಅಂಗಕ್ಕೆ ಆಪರೇಷನ್ ಮಾಡಿಸಿಕೊಳ್ಳುವ ಸಂಭವ ಉಳಿದ ಹೆಂಗಸರಿಗಿಂತ ಅವರಲ್ಲಿ ಒಂದೂವರೆ ಪಟ್ಟಿಗೂ ಹೆಚ್ಚಿತ್ತು. ಅವರಿಗೆ ಹೆರಿಗೆ ರಜೆ ಇತ್ತು. ಪಾಂಡೇಸರಾದ ಸೀರೆಗಂಟಿನವಳಿಗೆ ಅದೂ ಇಲ್ಲ.

ಇನ್ನು ಚಿಕಿತ್ಸೆ. ಇಲ್ಲಿ ಸುದ್ದಿ ಒಳ್ಳೆಯದೇ.

ಅಮೆರಿಕದ ಆರ್ನಲ್ಡ್ ಕೆಗೆಲ್ ಎಂಬ ವೈದ್ಯ 1948ರಲ್ಲಿ, ಹೆರಿಗೆಯಲ್ಲಿ ಸೋತ ತಳಸ್ನಾಯುವನ್ನು ವ್ಯಾಯಾಮದಿಂದ ಗಟ್ಟಿಮಾಡಬಹುದು ಎಂದು ತೋರಿಸಿದರು. ಸರಿಯಾಗಿ ಬಿಗಿಯುತ್ತಿದ್ದಾಳೆಯೇ ಎಂದು ಅಳೆಯುವ ಒಂದು ಯಂತ್ರವನ್ನೂ ಮಾಡಿದರು. ಆಮೇಲೆ ಅಂಥ ಯಂತ್ರಗಳ ದೊಡ್ಡ ವ್ಯಾಪಾರವೇ ಬೆಳೆಯಿತು. ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನಲ್ಲಿ 600 ಮಂದಿಯ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಪರೀಕ್ಷೆ ಆ ವ್ಯಾಪಾರಕ್ಕೆ ಒಳ್ಳೆಯ ಉತ್ತರ ಕೊಟ್ಟಿತು. ಅರ್ಧ ಮಂದಿಗೆ ಯಂತ್ರದೊಂದಿಗೆ ವ್ಯಾಯಾಮ, ಉಳಿದರ್ಧಕ್ಕೆ ಬರೀ ವ್ಯಾಯಾಮ. ಎರಡು ವರ್ಷದ ಬಳಿಕ ಎರಡು ಗುಂಪಿಗೂ ವ್ಯತ್ಯಾಸವೇ ಕಾಣಲಿಲ್ಲ. ಕಲಿಸಿಕೊಡುವ ಮನುಷ್ಯ ಬೇಕು, ಯಂತ್ರ ಬೇಡ. ಪಾಂಡೇಸರಾದಂಥ ಜಾಗಕ್ಕೆ ಇದಕ್ಕಿಂತ ಒಪ್ಪುವ ಸಂಶೋಧನೆ ಸಿಗುವುದು ಕಷ್ಟ. ಅದಕ್ಕೂ ಮೊದಲು, 2014ರಲ್ಲಿ, ಬ್ರಿಟನ್, ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳ 447 ಹೆಂಗಸರ ಮೇಲಿನ ಪರೀಕ್ಷೆ ಗರ್ಭಕೋಶ ಜಾರಿದವರಿಗೂ ಈ ವ್ಯಾಯಾಮದಿಂದ ಬಾಧೆ ಕಡಿಮೆಯಾಗುತ್ತದೆ ಎಂದು ಖಚಿತಪಡಿಸಿತ್ತು.

ವ್ಯಾಯಾಮ ಹೇಗೆಂದು ಓದಿದವರು ಕೇಳಿಯೇ ಕೇಳುತ್ತಾರೆ. ಒಂದಕ್ಕೂ ಗಾಳಿಗೂ ಒಟ್ಟಿಗೆ ತಡೆ ಹಾಕಬೇಕಾದಾಗ ಒಳಗೆ ಏನನ್ನು ಬಿಗಿದು ಮೇಲಕ್ಕೆ ಎಳೆದುಕೊಳ್ಳುತ್ತಾರೋ ಅದೇ ಸ್ನಾಯು. ಮೂತ್ರ ಹೋಗುವಾಗ ತಡೆದು ಅಭ್ಯಾಸ ಮಾಡುವುದು ಸಲ್ಲದು. ಹೊಟ್ಟೆ, ತೊಡೆ, ಕುಂಡೆ ಬಿಗಿಯದೆ, ಉಸಿರು ಹಿಡಿಯದೆ, ಆ ಸ್ನಾಯುವನ್ನಷ್ಟೇ ಬಿಗಿದು ಆರೇಳು ಎಣಿಸುವ ತನಕ ಹಿಡಿದು, ಪೂರ್ತಿ ಸಡಿಲ ಬಿಡಬೇಕು. ಒಂದು ಸರದಿಗೆ ಕನಿಷ್ಠ 8 ಸಲ, ದಿನಕ್ಕೆ ಮೂರು ಸರದಿ, ಕನಿಷ್ಠ ಮೂರು ತಿಂಗಳು. ದಾರ ಕತ್ತರಿಸುತ್ತಲೇ ಮಾಡಬಹುದು, ಪಕ್ಕದಲ್ಲಿ ಕೂತವಳಿಗೂ ತಿಳಿಯುವುದಿಲ್ಲ. ಕೊಡ ಎತ್ತುವ, ಸೀನುವ ಆ ಕ್ಷಣಕ್ಕೆ ಮೊದಲು ಬಿಗಿಯುವುದನ್ನು ರೂಢಿ ಮಾಡಿಕೊಂಡರೆ ಇನ್ನೂ ಲಾಭ. ಗೊತ್ತಿಲ್ಲದೆ ಕೆಳಕ್ಕೆ ಮುಕ್ಕುವವರು ಬಹಳ ಮಂದಿ. ಆದ್ದರಿಂದ ಒಮ್ಮೆಯಾದರೂ ಬಲ್ಲ ದಾದಿಯೋ ಫಿಸಿಯೋಥೆರಪಿಸ್ಟೋ ನೋಡಿ ಹೇಳಬೇಕು.

ವ್ಯಾಯಾಮಕ್ಕೆ ಬಗ್ಗದಷ್ಟು ಜಾರಿದ್ದರೆ ಒಳಗೆ ಇಟ್ಟುಕೊಳ್ಳುವ ಉಂಗುರವಿದೆ. ಪೆಸರಿ ಎಂದು ಅದಕ್ಕೆ ಹೆಸರು. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಕರು ಇದೇ ಕೆಲಸಕ್ಕೆ ಅರ್ಧ ದಾಳಿಂಬೆ ಹಣ್ಣನ್ನು ಬಳಸುತ್ತಿದ್ದರು. ಈಗ ಮೆತ್ತನೆಯ ಸಿಲಿಕೋನ್ ಉಂಗುರ. ಅಳತೆ ನೋಡಿ ಹಾಕಿಸಿಕೊಂಡರೆ, ತೆಗೆದು ತೊಳೆದು ಮತ್ತೆ ಹಾಕಿಕೊಳ್ಳುವುದನ್ನು ಹೆಂಗಸರು ತಾವೇ ಕಲಿಯಬಹುದು. ನೆದರ್‌ಲೆಂಡ್ಸಿನಲ್ಲಿ 440 ಮಂದಿಯನ್ನು ಉಂಗುರಕ್ಕೂ ಆಪರೇಷನ್ನಿಗೂ ಹಂಚಿ ಎರಡು ವರ್ಷ ನೋಡಿದರು. 2022ರ ಆ ವರದಿಯಲ್ಲಿ ಬಾಧೆ ಕಡಿಮೆಯಾಯಿತೆಂದವರು ಆಪರೇಷನ್ ಗುಂಪಿನಲ್ಲಿ ನೂರಕ್ಕೆ 81.5, ಉಂಗುರದ ಗುಂಪಿನಲ್ಲಿ 76.3. ಉಂಗುರದಿಂದ ಶುರುಮಾಡಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕೊನೆಗೆ ಆಪರೇಷನ್ನಿಗೇ ಹೋದರು ಎಂಬುದನ್ನೂ ಹೇಳಬೇಕು. ಉಂಗುರ ಎಲ್ಲರಿಗೂ ಆಗಿಬರುವುದಿಲ್ಲ. ಆದರೆ ಉಳಿದವರು ಚಾಕುವಿನಿಂದ ತಪ್ಪಿಸಿಕೊಂಡರಲ್ಲ.

ಆಪರೇಷನ್ ಬೇಕೇಬೇಕಾದಾಗಲೂ ಗರ್ಭಕೋಶ ತೆಗೆಯಲೇಬೇಕೆಂದಿಲ್ಲ ಎಂದು ಜಗತ್ತಿಗೆ ತೋರಿಸಿದವರಲ್ಲಿ ಮುಂಚೂಣಿಯಲ್ಲಿದ್ದವರು ನಮ್ಮ ದೇಶದವರೇ. ಗೋವಾದ ಶಿರೋಡಾದಲ್ಲಿ 1899ರಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಹೈಸ್ಕೂಲು ಓದಿ, ಮುಂಬಯಿಯ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ವೈದ್ಯರಾದ ವಿಠಲ ನಾಗೇಶ ಶಿರೋಡ್ಕರ್ ಅವರ ಹೆಸರನ್ನು, ಬಸುರು ನಿಲ್ಲದವರ ಗರ್ಭಕಂಠಕ್ಕೆ ಹಾಕುವ ಹೊಲಿಗೆಯಿಂದ ಲೋಕವೆಲ್ಲ ಬಲ್ಲದು. ಜಾರಿದ ಗರ್ಭಕೋಶಕ್ಕೂ ಅವರೊಂದು ಆಪರೇಷನ್ ಕಟ್ಟಿದರು. ಗರ್ಭಕೋಶದ ಹಿಂಬದಿಗೆ ಪಟ್ಟಿ ಹೊಲಿದು ಅದನ್ನು ಬೆನ್ನಿನ ಬುಡದ ಮೂಳೆಗೆ ಕಟ್ಟುವುದು. ಮುಂಬಯಿಯ ಪುರಂದರೆಯವರದು ಅದನ್ನೇ ಹೊಟ್ಟೆಯ ಮುಂಭಾಗಕ್ಕೆ ಕಟ್ಟುವ ವಿಧಾನ. ಇವು ಇಲ್ಲೇ ಹುಟ್ಟಲು ಕಾರಣವಿತ್ತು. ಇನ್ನೂ ಮಕ್ಕಳಾಗಬೇಕಾದ ಎಳೆಯ ಹೆಂಗಸರು ಜಾರಿದ ಗರ್ಭಕೋಶ ಹೊತ್ತುಕೊಂಡು ಬರುತ್ತಿದ್ದುದು ಇಲ್ಲಿನ ಆಸ್ಪತ್ರೆಗಳಿಗೆ. ಮುಂದೆ ಪಶ್ಚಿಮದ ಕಂಪನಿಗಳು ಯೋನಿಯ ಮೂಲಕ ಹಾಕುವ ಪ್ಲಾಸ್ಟಿಕ್ ಜಾಲರಿಗಳನ್ನು ಮಾರುಕಟ್ಟೆಗೆ ತುಂಬಿದವು. ನೋವು, ಹುಣ್ಣು, ಕೋರ್ಟು ಕಚೇರಿಗಳಾದ ಮೇಲೆ 2019ರ ಏಪ್ರಿಲಿನಲ್ಲಿ ಅಮೆರಿಕ ಸರ್ಕಾರ ಜಾರಿದ ಅಂಗಕ್ಕೆ ಹಾಕುವ ಅಂಥ ಜಾಲರಿಯ ಮಾರಾಟ ನಿಲ್ಲಿಸಿತು. ಹೊಸದೆಲ್ಲವೂ ಒಳ್ಳೆಯದೆಂಬ ಭ್ರಮೆ ವೈದ್ಯಕೀಯದಲ್ಲೂ ದುಬಾರಿಯೇ.

ಗರ್ಭಕೋಶವನ್ನೇ ತೆಗೆದುಬಿಡುವುದರಲ್ಲಿ ಒಂದು ಮೂಲದೋಷವಿದೆ. ಕುಸಿದದ್ದು ಕೆಳಗಿನ ಹಲಗೆ, ಸಡಿಲಾದದ್ದು ಹಗ್ಗ. ಗಡಿಗೆಯನ್ನು ಹೊರಗೆಸೆದರೆ ಹಲಗೆ ನೆಟ್ಟಗಾಗುವುದಿಲ್ಲ. ತೆಗೆದ ಜಾಗದಲ್ಲೇ ಯೋನಿಯ ತುದಿ ಮತ್ತೆ ಇಳಿದುಬರುವುದುಂಟು, ಮೂತ್ರ ಸೋರಿಕೆಯಂತೂ ಹಾಗೇ ಉಳಿಯಬಹುದು. ಅಂಡಾಶಯವನ್ನೂ ಸೇರಿಸಿ ತೆಗೆದರೆ ಮೂವತ್ತೈದರ ಹೆಣ್ಣಿಗೆ ರಾತ್ರೋರಾತ್ರಿ ಮುಪ್ಪು. ಮೂಳೆ ಸವೆತ ಮತ್ತು ಹೃದಯದ ಅಪಾಯ ಅದರ ಬೆನ್ನಿಗೇ ಬರುತ್ತವೆ.

ಆದರೂ ಆದದ್ದೇನು? ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರು, ದಲಿತ ಕೇರಿಗಳ ಹೆಂಗಸರು ಸೊಂಟನೋವು, ಬಿಳಿಸೆರಗು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋಗಿ ಗರ್ಭಕೋಶ ಕಳೆದುಕೊಂಡು ಬಂದ ಸಂಗತಿ 2015ರಲ್ಲಿ ಹೊರಬಿತ್ತು. ಮೂವತ್ತು ತಿಂಗಳಲ್ಲಿ 2,258 ಆಪರೇಷನ್ನುಗಳು, ಅರ್ಧದಷ್ಟು ಮಂದಿ 35 ತುಂಬದವರು ಎಂದು ತನಿಖೆಯನ್ನು ಆಧರಿಸಿ ಪತ್ರಿಕೆಗಳು ಬರೆದವು. ತೆಗೆಸದಿದ್ದರೆ ಕ್ಯಾನ್ಸರ್ ಆದೀತು ಎಂಬ ಹೆದರಿಕೆಯನ್ನು ಅವರಲ್ಲಿ ಹಲವರಿಗೆ ಹುಟ್ಟಿಸಲಾಗಿತ್ತು. ನಾಲ್ಕು ವರ್ಷದ ಬಳಿಕ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಸರದಿ. ಸರ್ಕಾರಿ ಸಮಿತಿ 82,309 ಕಬ್ಬು ಕಡಿಯುವ ಹೆಂಗಸರನ್ನು ಕೇಳಿತು. ಅವರಲ್ಲಿ 13,861 ಮಂದಿಗೆ ಗರ್ಭಕೋಶವಿರಲಿಲ್ಲ. ಆರಕ್ಕೊಬ್ಬರು. ಮುಟ್ಟಿನ ದಿನ ಕೆಲಸ ತಪ್ಪಿದರೆ ಗುತ್ತಿಗೆದಾರ ದಂಡ ಹಾಕುತ್ತಿದ್ದ, ಗದ್ದೆಯಲ್ಲಿ ಶೌಚಾಲಯವಿರಲಿಲ್ಲ, ಹೀಗಾಗಿ ಗರ್ಭಕೋಶವೇ ದುಡಿಮೆಗೆ ಅಡ್ಡಿಯಾಗಿತ್ತು. 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ಅನಗತ್ಯ ಗರ್ಭಕೋಶ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತನ್ನಿ ಎಂದು ಎಲ್ಲ ರಾಜ್ಯಗಳಿಗೂ ಹೇಳಬೇಕಾಯಿತು.

ಡಾಕ್ಟರ ದುರಾಸೆಯೊಂದನ್ನೇ ಬೈದು ಸುಮ್ಮನಾಗುವುದು ಸುಲಭ. ಅಹಮದಾಬಾದಿನವರು ಅಲ್ಲಿಗೇ ನಿಲ್ಲಲಿಲ್ಲ. ತಿಳಿವಳಿಕೆ ಕೊಟ್ಟರೆ ಆಪರೇಷನ್ ಕಡಿಮೆಯಾದೀತೇ ಎಂದು ಸೇವಾದ ಆರೋಗ್ಯ ಕಾರ್ಯಕರ್ತೆಯರ ಮೂಲಕ ನಗರದಲ್ಲೂ ಜಿಲ್ಲೆಯಲ್ಲೂ 28 ಕಡೆಗಳನ್ನು ಆರಿಸಿ ಪರೀಕ್ಷೆ ನಡೆಸಿದರು. 2017ರಲ್ಲಿ ಬಂದ ಫಲಿತಾಂಶ ನಿರಾಶೆಯದು. ಆಪರೇಷನ್ನುಗಳ ಸಂಖ್ಯೆ ಇಳಿಯಲಿಲ್ಲ. ಈ ಸೋಲನ್ನು ಮುಚ್ಚಿಡದೆ ಅಚ್ಚು ಹಾಕಿದ್ದೇ ಅವರ ದೊಡ್ಡತನ, ಯಾಕೆಂದರೆ ಅದರಿಂದ ಕಲಿಯುವುದು ಬಹಳವಿದೆ. ಹೆಂಗಸಿಗೆ ತಿಳಿವಳಿಕೆ ಬಂದೀತು, ಆದರೆ ಅವಳು ಹೋಗುವ ಆಸ್ಪತ್ರೆಯಲ್ಲಿ ಬೇರೆ ದಾರಿಯೇ ಇಲ್ಲದಿದ್ದರೆ? ಉಂಗುರ ಹಾಕುವವರಿಲ್ಲ, ವ್ಯಾಯಾಮ ಕಲಿಸುವವರಿಲ್ಲ, ಸ್ರಾವಕ್ಕೆ ಮಾತ್ರೆ ಕೊಟ್ಟು ಮೂರು ತಿಂಗಳು ಕಾದು ನೋಡುವ ಪುರುಸೊತ್ತಿಲ್ಲ. ನೋವಿನಲ್ಲಿ ದಿನದ ಕೂಲಿ ಕಳೆದುಕೊಳ್ಳುವವಳಿಗೆ ಒಂದೇ ಸಲಕ್ಕೆ ಮುಗಿದುಹೋಗುವ ಆಪರೇಷನ್ನೇ ಬುದ್ಧಿವಂತಿಕೆಯಾಗಿ ಕಾಣುವುದರಲ್ಲಿ ಅವಳ ತಪ್ಪೇನು?

ಹಣ ಹರಿಯುವ ದಿಕ್ಕೂ ಅದೇ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ ಯೋಜನೆ ಆಸ್ಪತ್ರೆಯಲ್ಲಿ ಮಲಗಿದ ರೋಗಿಗೆ ಹಣ ಕೊಡುತ್ತದೆ, ಹೊರರೋಗಿಯಾಗಿ ಬಂದುಹೋಗುವವಳಿಗೆ ಕೊಡುವುದಿಲ್ಲ. ಗರ್ಭಕೋಶ ತೆಗೆಯಲು ಒಂದು ದರವಿದೆ. ಉಂಗುರಕ್ಕೆ, ಹನ್ನೆರಡು ವಾರದ ವ್ಯಾಯಾಮಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಯೋಜನೆಯ ಮೊದಲ ತಿಂಗಳುಗಳಲ್ಲಿ ಗರ್ಭಕೋಶ ಆಪರೇಷನ್ನಿಗೆ ಬಂದ ಬೇಡಿಕೆಗಳಲ್ಲಿ ಮುಕ್ಕಾಲು ಪಾಲು ಆರು ರಾಜ್ಯಗಳವು, ಗುಜರಾತೂ ಕರ್ನಾಟಕವೂ ಆ ಆರರಲ್ಲಿದ್ದವು. ಹೆರಿಗೆಯ ವಿಚಾರಕ್ಕೆ ಬಂದರೂ ಲೆಕ್ಕ ಮುಗಿಯುವುದು ಬೇಗ. ಗುಜರಾತ್ ಸರ್ಕಾರ 2005ರ ಕೊನೆಯಲ್ಲಿ ಆರಂಭಿಸಿದ ಚಿರಂಜೀವಿ ಯೋಜನೆ ಬಡ ಹೆಣ್ಣುಮಕ್ಕಳ ಹೆರಿಗೆಗೆ ಖಾಸಗಿ ಡಾಕ್ಟರಿಗೆ ನೂರು ಹೆರಿಗೆಗೆ 1,79,500 ರೂಪಾಯಿಯಂತೆ ಕೊಟ್ಟಿತು. ತಾಯಿಯ ಜೀವ ಉಳಿಯಬೇಕು ಎಂಬುದು ಗುರಿ, ಸರಿಯಾದ ಗುರಿಯೇ. 2018–20ರ ಹೊತ್ತಿಗೆ ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು ಗುಜರಾತಿನಲ್ಲಿ 57ಕ್ಕೆ, ಕರ್ನಾಟಕದಲ್ಲಿ 69ಕ್ಕೆ ಇಳಿದಿತ್ತು. ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಈಗ ಆಸ್ಪತ್ರೆಯಲ್ಲೇ ಆಗುತ್ತವೆ. ಸಾವಿನ ಲೆಕ್ಕ ಇಷ್ಟು ಅಚ್ಚುಕಟ್ಟಾಗಿ ಇಡಲು ಕಲಿತ ಇಲಾಖೆಗೆ, ಬದುಕಿ ಮನೆಗೆ ಹೋದವಳ ಲೆಕ್ಕ ಇಡುವುದು ಆಗದ ಕೆಲಸವೇನಲ್ಲ.

ಅದಕ್ಕೆ ಹೊಸ ಕಟ್ಟಡ, ಹೊಸ ಹುದ್ದೆ ಯಾವುದೂ ಬೇಡ. ಆಸ್ಪತ್ರೆಯಲ್ಲಿ ಹೆತ್ತು ಬಂದ ಬಾಣಂತಿಯ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಹೋಗಬೇಕೆಂಬ ನಿಯಮ ಈಗಾಗಲೇ ಇದೆ. ಮಗುವಿನ ತೂಕ, ಮೈಬಿಸಿ, ಹೊಕ್ಕಳು, ಎದೆಹಾಲು ಎಲ್ಲವನ್ನೂ ಆಕೆ ಬರೆದುಕೊಳ್ಳುತ್ತಾಳೆ. ಕೊನೆಯ ಭೇಟಿಯಲ್ಲಿ ತಾಯಿಗೆ ಇನ್ನೆರಡು ಪ್ರಶ್ನೆ ಸೇರಿಸಬಹುದು. ಕೆಮ್ಮಿದಾಗ, ಕೊಡ ಎತ್ತಿದಾಗ ಸೋರುತ್ತದೆಯೇನಮ್ಮಾ? ಕೆಳಗೆ ಏನಾದರೂ ಇಳಿದಂತೆ ಆಗುತ್ತದೆಯೇ? ಹೌದೆಂದರೆ ಆ ವ್ಯಾಯಾಮವನ್ನು ಕೂತಲ್ಲೇ ಹೇಳಿಕೊಟ್ಟು, ಮೂರು ತಿಂಗಳ ಬಳಿಕ ಮತ್ತೆ ವಿಚಾರಿಸಿ, ಆಗಲೂ ಗುಣವಾಗದಿದ್ದರೆ ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಚೀಟಿ ಬರೆದು ಕಳಿಸುವುದು. ಆ ವಿಭಾಗದ ಬೀರುವಿನಲ್ಲಿ ನಾಲ್ಕೈದು ಅಳತೆಯ ಉಂಗುರಗಳು ಇರಬೇಕಷ್ಟೆ.